ಗುಟ್ಕಾ ಬಾಯಿ, ಫ್ಲೋರೈಡ್ ಹಲ್ಲು, ಆರ್‌ವಿಜಿ ಸೆನ್ಸರ್: ಗಂಗಾವತಿ ಕಡೆಯ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ಕೆಲಸ

ಹಲ್ಲಿನ ಎಕ್ಸ್‌ರೇ ಸರಿ ಬರದಿದ್ದರೆ ಮೊದಲು ಬೈಸಿಕೊಳ್ಳುವುದು ಆರ್‌ವಿಜಿ ಸೆನ್ಸರ್, ಅಂದರೆ ಫಿಲ್ಮಿನ ಬದಲು ಬಾಯೊಳಗಿಟ್ಟು ಚಿತ್ರವನ್ನು ನೇರ ಕಂಪ್ಯೂಟರಿಗೆ ಕಳಿಸುವ ಬಿಲ್ಲೆ. ಕಂಪನಿಯವರಿಗೆ ಫೋನ್ ಮಾಡುವ ಮೊದಲು ಕೆಟ್ಟ ಚಿತ್ರಗಳನ್ನೆಲ್ಲ ಸಾಲಾಗಿ ತೆರೆದು ನೋಡಿ. ತಪ್ಪಿರುವುದು ಹೆಚ್ಚಾಗಿ ಟ್ಯೂಬಿನ ಕೋನ, ಸೆನ್ಸರ್ ಕೂತ ಜಾಗ ಅಥವಾ ರೋಗಿಯ ನಾಲಿಗೆ. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಇವಕ್ಕೆ ಇನ್ನೆರಡು ಸೇರುತ್ತವೆ: ಗುಟ್ಕಾ ತಿಂದು ಬಿಗಿದ ಬಾಯಿ, ಫ್ಲೋರೈಡ್ ನೀರು ಕುಡಿದು ಬೆಳೆದ ಹಲ್ಲು. ಗಂಗಾವತಿಯಲ್ಲಿ ಒಂದೇ ಕುರ್ಚಿಯ ಕ್ಲಿನಿಕ್ ನಡೆಸುತ್ತಾ ನಾನು ಪಾಲಿಸುವ ಕ್ರಮ ಇದು. ಹೊಸದಾಗಿ ಡಿಜಿಟಲ್ ಎಕ್ಸ್‌ರೇ ಹಾಕಿಸುವವರಿಗೆ ಉಪಯೋಗವಾಗಬಹುದು.

ಮೊದಲು ಯಂತ್ರದ ಮಾತು. ಗೋಡೆಗೆ ಹಾಕುವ ಡಿಸಿ ಎಕ್ಸ್‌ರೇ ಯೂನಿಟ್, 60ರಿಂದ 70 ಕೆವಿ (ಟ್ಯೂಬಿನ ವೋಲ್ಟೇಜ್), 4ರಿಂದ 8 ಎಂಎ (ಟ್ಯೂಬಿನ ಕರೆಂಟ್) ಇದ್ದರೆ ಸಾಕು. ಕೈಯಲ್ಲಿ ಹಿಡಿಯುವ ಪೋರ್ಟಬಲ್ ಅಗ್ಗ. ಆದರೆ ಅದರ ಎಂಎ 2ರ ಆಸುಪಾಸಿನಲ್ಲೇ ಇರುವುದರಿಂದ ಎಕ್ಸ್‌ಪೋಷರ್ ಸಮಯ (ಕಿರಣ ಬಿಡುವ ಹೊತ್ತು) ಹೆಚ್ಚುತ್ತದೆ, ಆ ಹೊತ್ತಿನಲ್ಲಿ ಡಾಕ್ಟರ ಕೈ ಅಥವಾ ರೋಗಿಯ ತಲೆ ಅಲುಗಿ ಚಿತ್ರ ಮಸುಕಾಗುತ್ತದೆ. ಯಾವುದನ್ನೇ ಕೊಳ್ಳಿ, ಆ ಮಾಡೆಲ್‌ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ. ಮಂಡಳಿಯ ಇ-ಲೋರಾ ಪೋರ್ಟಲ್‌ನಲ್ಲಿ ಯಂತ್ರವನ್ನು ನೋಂದಾಯಿಸಲೇಬೇಕು.

ಸೆನ್ಸರ್ ಕೊಳ್ಳುವಾಗ ಡೀಲರ್ ಸೈಜ್ 2 ತೋರಿಸುತ್ತಾನೆ. ಅಗಲವಾಗಿದೆ, ಒಂದೇ ಏಟಿಗೆ ಮೂರು ದವಡೆ ಹಲ್ಲು ಸಿಗುತ್ತವೆ ಅನ್ನುತ್ತಾನೆ. ಮಾತು ಸುಳ್ಳಲ್ಲ. ಆದರೆ ಒಂದೇ ಸೆನ್ಸರಿಗೆ ದುಡ್ಡಿರುವವರಿಗೆ ನನ್ನ ಸಲಹೆ ಸೈಜ್ 1. ಸೆನ್ಸರ್ ಫಿಲ್ಮಿನಂತೆ ಬಾಗುವುದಿಲ್ಲ, 5 ಮಿ.ಮೀ. ಆಸುಪಾಸು ದಪ್ಪ ಬೇರೆ. ಸಣ್ಣ ದವಡೆ, ಆಳವಿಲ್ಲದ ಅಂಗುಳ, ಅರ್ಧ ತೆರೆಯುವ ಬಾಯಿ ಇವುಗಳಲ್ಲಿ ಸೈಜ್ 2 ಮೂಲೆ ಒತ್ತಿ ನೋಯಿಸುತ್ತದೆ. ನೋವಾದರೆ ರೋಗಿ ನಾಲಿಗೆಯಿಂದ ತಳ್ಳುತ್ತಾನೆ, ಬೇರಿನ ತುದಿ ಚಿತ್ರದಿಂದ ಹೊರಗೆ ಹೋಗುತ್ತದೆ. ಜೊತೆಗೆ ಸಾಧ್ಯವಾದರೆ ಒಂದು ಫಾಸ್ಫರ್ ಪ್ಲೇಟ್ ಸೆಟ್ (ಫಿಲ್ಮಿನಂತೆ ಬಾಯಲ್ಲಿಟ್ಟು, ಆಮೇಲೆ ಸ್ಕ್ಯಾನ್ ಮಾಡಿ ಚಿತ್ರ ಪಡೆಯುವ ಹಾಳೆ) ಮತ್ತು ಅದರ ಸ್ಕ್ಯಾನರ್ ಇಟ್ಟುಕೊಳ್ಳಿ. ಪ್ಲೇಟ್ ತೆಳ್ಳಗಿರುತ್ತದೆ, ವೈರ್ ಇರುವುದಿಲ್ಲ. ಅದು ಎಲ್ಲಿ ಕೈ ಹಿಡಿಯುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕರೆಂಟಿನ ವ್ಯವಸ್ಥೆ ಮೊದಲೇ ಸರಿ ಮಾಡಿಕೊಳ್ಳಿ. ಎಕ್ಸ್‌ರೇ ಯೂನಿಟ್‌ಗೆ ಬೇರೆ ಲೈನ್, ಒಳ್ಳೆಯ ಅರ್ಥಿಂಗ್, ಸ್ಟೆಬಿಲೈಸರ್ ಇರಲಿ. ಕಂಪ್ಯೂಟರಿಗೆ ಯುಪಿಎಸ್ ಬೇಕು. ಏಸಿ, ಕಂಪ್ರೆಸರ್, ಎಕ್ಸ್‌ರೇ ಮೂರೂ ಒಂದೇ ಲೈನಿನಲ್ಲಿದ್ದರೆ ಕಂಪ್ರೆಸರ್ ಶುರುವಾದ ಕ್ಷಣದಲ್ಲಿ ವೋಲ್ಟೇಜ್ ಇಳಿಯುತ್ತದೆ. ಆಗ ತೆಗೆದ ಚಿತ್ರ ಕಾಳುಕಾಳಾಗಿ ಬರಬಹುದು, ಬೈಗುಳ ಮಾತ್ರ ಮತ್ತೆ ಸೆನ್ಸರಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಟ್ಯೂಬಿಗೆ ವಿಶ್ರಾಂತಿ ಕೊಡಬೇಕು. ಡ್ಯೂಟಿ ಸೈಕಲ್ 1:30 ಎಂದಿದ್ದರೆ 0.2 ಸೆಕೆಂಡ್ ಎಕ್ಸ್‌ಪೋಷರ್ ಆದ ಮೇಲೆ 6 ಸೆಕೆಂಡ್ ಕಾಯಬೇಕು ಎಂದರ್ಥ.

ಬಟನ್ ಒತ್ತುವವರು ಕನಿಷ್ಠ 2 ಮೀಟರ್ ದೂರದಲ್ಲಿ, ಕಿರಣ ಹೋಗುವ ದಿಕ್ಕಿಗೆ 90ರಿಂದ 135 ಡಿಗ್ರಿಯೊಳಗೆ ನಿಲ್ಲಬೇಕು. ಜಾಗ ಇಲ್ಲದಿದ್ದರೆ ಸೀಸದ ತಡೆ ಹಾಕಿಸಬೇಕು. ಮೈಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಅಂಗಿಗೆ ಹಾಕಿಕೊಳ್ಳಿ, ಡ್ರಾಯರ್‌ನಲ್ಲಿ ಇಟ್ಟರೆ ಅದು ಡ್ರಾಯರಿನ ಲೆಕ್ಕ ಕೊಡುತ್ತದೆ. ರೋಗಿಯ ಬೆರಳಿಂದಲೋ ಜೊತೆಗೆ ಬಂದವರ ಕೈಯಿಂದಲೋ ಸೆನ್ಸರ್ ಹಿಡಿಸುವ ಹಳೆಯ ರೂಢಿ ಇನ್ನೂ ಇದೆ. ಬೇಡ. ಹೋಲ್ಡರ್ ಇದೆ, ಅದನ್ನೇ ಬಳಸಿ.

ಹೋಲ್ಡರ್ ಬಣ್ಣಗಳು: ನೀಲಿ ಮುಂದಿನ ಹಲ್ಲಿಗೆ, ಹಳದಿ ದವಡೆಗೆ, ಕೆಂಪು ಬೈಟ್‌ವಿಂಗ್‌ಗೆ (ಮೇಲಿನ ಕೆಳಗಿನ ಹಲ್ಲಿನ ತಲೆಭಾಗ ಒಟ್ಟಿಗೆ ತೋರಿಸುವ ಚಿತ್ರ), ಹಸಿರು ರೂಟ್ ಕೆನಾಲ್ ಫೈಲ್ (ನಾಳ ಕೆರೆಯುವ ಸೂಜಿ) ಹಲ್ಲಿನ ಒಳಗಿರುವಾಗ. ಸೆನ್ಸರ್ ಹಲ್ಲಿನ ಉದ್ದಕ್ಕೆ ಸಮಾನಾಂತರವಾಗಿರಬೇಕು, ಕಿರಣ ಎರಡಕ್ಕೂ ನೇರವಾಗಿ ಬೀಳಬೇಕು. ಇದಾಗಬೇಕಾದರೆ ಸೆನ್ಸರನ್ನು ಹಲ್ಲಿಗೆ ಅಂಟಿಸಬಾರದು. ಮೇಲಿನ ದವಡೆಗೆ ಅಂಗುಳದ ನಡುವಿನ ಎತ್ತರದ ಕಡೆಗೆ, ಕೆಳಗಿನ ದವಡೆಗೆ ನಾಲಿಗೆಯ ಕಡೆಗೆ ಸರಿಸಿ ಇಡಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಅಂಗುಳ ಆಳ ಇಲ್ಲದಿದ್ದರೆ ಬೈಟ್‌ಬ್ಲಾಕಿಗೂ (ಹೋಲ್ಡರಿನ ಕಚ್ಚುವ ಭಾಗ) ಹಲ್ಲಿಗೂ ನಡುವೆ ಹತ್ತಿಯ ರೋಲ್ ಇಡಿ. ಆಗ ಸೆನ್ಸರ್ 15–20 ಡಿಗ್ರಿ ವಾಲಿದರೂ ಚಿತ್ರ ನಡೆಯುತ್ತದೆ.

ಕೆಳಗಿನ ದವಡೆ ಹಲ್ಲಿನ ಬೇರಿನ ತುದಿ ಸಿಗುತ್ತಿಲ್ಲ ಅನ್ನುವವರು ಬಾಯಿ ಅಗಲ ತೆರೆಸಿಕೊಂಡೇ ಸೆನ್ಸರ್ ಕೆಳಗೆ ಒತ್ತುತ್ತಾರೆ. ಬಾಯಿ ಅಗಲ ತೆರೆದಾಗ ನಾಲಿಗೆಯ ಕೆಳಗಿನ ಸ್ನಾಯು ಬಿಗಿಯಾಗಿರುತ್ತದೆ. ಸೆನ್ಸರನ್ನು ಓರೆಯಾಗಿ ಒಳಗೆ ಬಿಟ್ಟು, ಬೈಟ್‌ಬ್ಲಾಕ್ ಕೆಳಗಿನ ಹಲ್ಲಿನ ಮೇಲೆ ಕೂತ ಮೇಲೆ, "ಅಕ್ಕಾರ, ಒಮ್ಮೆ ಉಗುಳು ನುಂಗ್ರಿ, ಈಗ ಮೆಲ್ಲಕ ಬಾಯಿ ಮುಚ್ರಿ, ಜೋರ್ ಕಡೀಬ್ಯಾಡ್ರಿ" ಎನ್ನಿ. ಬಾಯಿ ಮುಚ್ಚುತ್ತಾ ಬಂದಂತೆ ಸ್ನಾಯು ಸಡಿಲವಾಗಿ ಸೆನ್ಸರ್ ತಾನೇ ಕೆಳಗಿಳಿಯುತ್ತದೆ. ಒತ್ತುವ ಕೆಲಸ ನಮ್ಮ ಬೆರಳಿನದಲ್ಲ, ಅವರ ದವಡೆಯದು.

ವಾಂತಿ ಬಂದಂತಾಗುವವರಿಗೆ ಮೊದಲು ಮುಂದಿನ ಹಲ್ಲಿನ ಚಿತ್ರ ತೆಗೆಯಿರಿ, ಮೇಲಿನ ಬುದ್ಧಿ ಹಲ್ಲು ಕೊನೆಗೆ. ಟ್ಯೂಬನ್ನು ಕೆನ್ನೆಯ ಪಕ್ಕ ಮೊದಲೇ ಹೊಂದಿಸಿ, ಸೆನ್ಸರ್ ಒಳಗೆ ಹೋದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಮುಗಿಸಬೇಕು. ಮೂಗಿನಿಂದ ಉಸಿರಾಡಿಸಿ. ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಹಲವರಿಗೆ ಸಾಕಾಗುತ್ತದೆ, ಸಾಕಾಗದವರಿಗೆ ಮರಗಟ್ಟಿಸುವ ಲಿಗ್ನೋಕೇನ್ ಸ್ಪ್ರೇ. ಅಂಗುಳದ ಮೇಲೆ ಸೆನ್ಸರನ್ನು ಜಾರಿಸಬೇಡಿ, ಕೆಳಗಿನಿಂದ ಎತ್ತಿ ಒಂದೇ ಸಲ ಇಡಿ. ಜಾರಿದರೆ ವಾಕರಿಕೆ ಖಂಡಿತ.

ಹೋಲ್ಡರ್ ಸೇರದ ಕಡೆ ಕೋನ ವಿಭಾಗಿಸುವ ಹಳೆಯ ಪದ್ಧತಿಗೇ ಹೋಗಬೇಕು, ಅಂದರೆ ಹಲ್ಲಿಗೂ ಸೆನ್ಸರಿಗೂ ನಡುವಿನ ಕೋನವನ್ನು ಅರ್ಧ ಮಾಡುವ ಗೆರೆಗೆ ಕಿರಣ ನೇರವಾಗಿ ಬೀಳಿಸಬೇಕು. ತಲೆ ನೆಟ್ಟಗೆ, ಕಚ್ಚುವ ಸಮತಲ ನೆಲಕ್ಕೆ ಸಮವಾಗಿದ್ದಾಗ ಟ್ಯೂಬಿನ ಬಾಗು ಸುಮಾರು ಹೀಗಿರಬೇಕು: ಮೇಲಿನ ಬಾಚಿಹಲ್ಲಿಗೆ 40, ಕೋರೆಗೆ 45, ಸಣ್ಣ ದವಡೆ ಹಲ್ಲಿಗೆ 30, ದೊಡ್ಡ ದವಡೆ ಹಲ್ಲಿಗೆ 20 ಡಿಗ್ರಿ, ಎಲ್ಲವೂ ಮೇಲಿನಿಂದ ಕೆಳಕ್ಕೆ. ಕೆಳಗಿನ ಬಾಚಿಗೆ 15, ಕೋರೆಗೆ 20, ಸಣ್ಣ ದವಡೆಗೆ 10, ದೊಡ್ಡದಕ್ಕೆ 5 ಡಿಗ್ರಿ, ಕೆಳಗಿನಿಂದ ಮೇಲಕ್ಕೆ. ಬೇರು ಎಳೆದಂತೆ ಉದ್ದ ಬಂದರೆ ಕೋನ ಕಡಿಮೆಯಾಗಿದೆ, ಮೊಂಡಾಗಿ ಬಂದರೆ ಹೆಚ್ಚಾಗಿದೆ. ಪಕ್ಕಪಕ್ಕದ ಹಲ್ಲು ಒಂದರ ಮೇಲೊಂದು ಬಿದ್ದಿದ್ದರೆ ತಪ್ಪು ಅಡ್ಡ ಕೋನದ್ದು. ಮೂಲೆಯಲ್ಲಿ ಕಮಾನಿನಂತೆ ಬಿಳಿ ಖಾಲಿ ಜಾಗ ಬಂದರೆ ಟ್ಯೂಬಿನ ಬಾಯಿ ಸೆನ್ಸರನ್ನು ಪೂರ್ತಿ ಮುಚ್ಚಿಲ್ಲ. ಮೇಲಿನ ದವಡೆ ಬೇರಿನ ಮೇಲೆ ಕೆನ್ನೆಮೂಳೆಯ ಬಿಳಿ ನೆರಳು ಕೂತರೆ ಬಾಗು ಕಡಿಮೆ ಮಾಡಿ. ಮೇಲಿನ ಮುಂದಿನ ಹಲ್ಲಿನ ಬೇರಿನ ಮೇಲೆ ದುಂಡನೆಯ ಅಚ್ಚ ಬಿಳಿ ಚುಕ್ಕಿ ಕಂಡರೆ ಮೂಗುತಿ. ಮದುವೆಯಾದಾಗಿನಿಂದ ತಿರುಪು ತೆಗೆಯದ ಅಜ್ಜಿಯರು ಅದನ್ನು ತೆಗೆಯಲು ಒಪ್ಪುವುದಿಲ್ಲ, ಜಗ್ಗಾಡಿದರೆ ರಕ್ತ ಬರುತ್ತದೆ. ಟ್ಯೂಬನ್ನು ಸ್ವಲ್ಪ ಅಡ್ಡ ಸರಿಸಿದರೆ ಚುಕ್ಕಿ ಬೇರಿನಿಂದ ಆಚೆ ಹೋಗುತ್ತದೆ.

ಎಕ್ಸ್‌ಪೋಷರ್ ವಿಷಯ. 65–70 ಕೆವಿ, 7 ಎಂಎ ಯೂನಿಟ್‌ನಲ್ಲಿ ಕೆಳಗಿನ ಬಾಚಿಗೆ 0.08 ಸೆಕೆಂಡ್, ಕೆಳಗಿನ ದವಡೆಗೆ 0.12, ಮೇಲಿನ ದವಡೆಗೆ 0.16ರಿಂದ ಶುರು ಮಾಡಿ ನಿಮ್ಮ ಸೆನ್ಸರಿಗೆ ಹೊಂದಿಸಿಕೊಳ್ಳಿ. ಮಕ್ಕಳಿಗೆ ಇದಕ್ಕಿಂತ ಮೂರನೇ ಒಂದು ಭಾಗ ಕಡಿಮೆ. 1896ರ ಜನವರಿಯಲ್ಲಿ ಜರ್ಮನಿಯ ಓಟ್ಟೋ ವಾಲ್ಕಾಫ್ ತನ್ನ ಹಲ್ಲಿನ ಮೊದಲ ಎಕ್ಸ್‌ರೇಗೆ 25 ನಿಮಿಷ ಕೂತಿದ್ದ ಅನ್ನುವುದನ್ನು ನೆನೆದರೆ ನಮ್ಮದು ಕಣ್ಣುರೆಪ್ಪೆ ಬಡಿಯುವಷ್ಟೂ ಅಲ್ಲ. ಕಡಿಮೆಯಾದರೆ ಚಿತ್ರ ಮರಳುಮರಳಾಗುತ್ತದೆ. ಹೆಚ್ಚಾದರೆ ಸೆನ್ಸರ್‌ನಲ್ಲಿ ತೆಳ್ಳನೆಯ ಮೂಳೆಯ ತುದಿಗಳು ಕಪ್ಪಿನಲ್ಲಿ ಕರಗಿಹೋಗುತ್ತವೆ. ಫಾಸ್ಫರ್ ಪ್ಲೇಟಿನಲ್ಲಿ ಅಪಾಯ ಬೇರೆ ಥರದ್ದು: ಎಕ್ಸ್‌ಪೋಷರ್ ಹೆಚ್ಚಾದರೂ ಸಾಫ್ಟ್‌ವೇರ್ ಸರಿಪಡಿಸಿ ಚಂದ ತೋರಿಸುವುದರಿಂದ ಗೊತ್ತಿಲ್ಲದೆ ಡೋಸ್ ಏರುತ್ತಾ ಹೋಗುತ್ತದೆ. ಹಾಗಾಗಿ ಯಾವ ಹಲ್ಲಿಗೆ ಎಷ್ಟು ಎಂಬ ಪಟ್ಟಿಯನ್ನು ಯೂನಿಟ್ ಪಕ್ಕದ ಗೋಡೆಗೆ ಅಂಟಿಸಿ.

"ಇದರಿಂದ ಏನಾರ ಆಗತೈತೇನ್ರಿ ಸರ?" ಎಂದು ಕೇಳುವವರಿಗೆ ಲೆಕ್ಕ ಹೇಳಿ. ಭೂಮಿ, ಗಾಳಿ, ಆಹಾರ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ ವಿಕಿರಣ, ಅಂದರೆ ದಿನಕ್ಕೆ ಆರೂವರೆ ಮೈಕ್ರೋಸೀವರ್ಟ್ ಬರುತ್ತದೆ. ಒಂದು ಡಿಜಿಟಲ್ ಹಲ್ಲಿನ ಎಕ್ಸ್‌ರೇ ಕೆಲವೇ ಮೈಕ್ರೋಸೀವರ್ಟ್. ದುಂಡು ಕೊಳವೆಯ ಬದಲು ಆಯತಾಕಾರದ ಕಾಲಿಮೇಟರ್ (ಕಿರಣ ಆಚೀಚೆ ಹರಡದಂತೆ ತಡೆಯುವ ಚೌಕಟ್ಟು) ಹಾಕಿದರೆ ಅದೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದರೆ ಕೋನ ಸ್ವಲ್ಪ ತಪ್ಪಿದರೂ ಅಂಚು ಕತ್ತರಿಸುವುದರಿಂದ ಹೋಲ್ಡರ್ ರಿಂಗ್ ಇಲ್ಲದೆ ಅದನ್ನು ಬಳಸಬೇಡಿ.

ರೂಟ್ ಕೆನಾಲ್‌ಗೆ ಬರೋಣ. ಉದ್ದ ಅಳೆಯುವ ಚಿತ್ರಕ್ಕೆ 15 ನಂಬರ್ ಫೈಲ್ ಇರಬೇಕು. ಅದಕ್ಕಿಂತ ತೆಳ್ಳಗಿನ 8 ಮತ್ತು 10ರ ತುದಿ ಸೆನ್ಸರ್‌ನಲ್ಲಿ ಕಾಣದೆ, ಇರುವುದಕ್ಕಿಂತ ಗಿಡ್ಡ ಅನ್ನಿಸಿ ಮುಂದಕ್ಕೆ ತಳ್ಳಿಬಿಡುತ್ತೇವೆ. ಸಾಫ್ಟ್‌ವೇರಿನ ಸ್ಕೇಲ್ ನಂಬುವ ಮೊದಲು, ಗೊತ್ತಿರುವ ಉದ್ದದ ಫೈಲಿನ ಮೇಲೆ ಗೆರೆ ಎಳೆದು ಕ್ಯಾಲಿಬ್ರೇಟ್ ಮಾಡಬೇಕು. ಅಪೆಕ್ಸ್ ಲೊಕೇಟರ್ (ನಾಳದ ಕೊನೆಯನ್ನು ಕರೆಂಟಿನಿಂದ ಗುರುತಿಸುವ ಯಂತ್ರ) ಒಂದು ಹೇಳಿ ಚಿತ್ರ ಇನ್ನೊಂದು ಹೇಳಿದರೆ, ಲೊಕೇಟರ್ ಸ್ಥಿರವಾಗಿ ನಿಂತಿದ್ದರೆ ನಾನು ಅದರ ಕಡೆ ವಾಲುತ್ತೇನೆ. ನರ ಹೊರಬರುವ ರಂಧ್ರ ಬೇರಿನ ತುದಿಯಲ್ಲೇ ಇರಬೇಕೆಂದಿಲ್ಲ, ಪಕ್ಕಕ್ಕೆ ತೆರೆದಿದ್ದರೆ ಎಕ್ಸ್‌ರೇಗೆ ತಿಳಿಯುವುದಿಲ್ಲ.

ಎರಡು ನಾಳ ಒಂದರ ಹಿಂದೆ ಒಂದಿದ್ದರೆ ನೇರ ಚಿತ್ರದಲ್ಲಿ ಒಂದೇ ಕಾಣುತ್ತದೆ. ಟ್ಯೂಬನ್ನು ಅಡ್ಡಕ್ಕೆ 20 ಡಿಗ್ರಿ ಸರಿಸಿ ಇನ್ನೊಂದು ತೆಗೆಯಿರಿ. ಟ್ಯೂಬ್ ಹೋದ ದಿಕ್ಕಿಗೇ ಸರಿದದ್ದು ನಾಲಿಗೆ ಕಡೆಯ ಬೇರು, ವಿರುದ್ಧ ದಿಕ್ಕಿಗೆ ಸರಿದದ್ದು ಕೆನ್ನೆ ಕಡೆಯದು. ಮೇಲಿನ ಮೊದಲ ಸಣ್ಣ ದವಡೆ ಹಲ್ಲಿಗೆ, ಕೆಳಗಿನ ದೊಡ್ಡ ದವಡೆ ಹಲ್ಲಿನ ಹಿಂದಿನ ಬೇರಿಗೆ ಇದನ್ನು ಯಾವಾಗಲೂ ಮಾಡುತ್ತೇನೆ. ಫೈಲ್ ಬೇರಿನ ನಟ್ಟನಡುವೆ ಕೂರದೆ ಒಂದು ಬದಿಗೆ ಒತ್ತಿ ಕೂತಂತೆ ಕಂಡರೆ ಇನ್ನೊಂದು ಬದಿಯಲ್ಲಿ ನಾಳ ಇದೆ ಎಂದೇ ಹುಡುಕಬೇಕು.

ಈಗ ಗುಟ್ಕಾ ಬಾಯಿ. ಅಡಿಕೆ, ಗುಟ್ಕಾದಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ನಮ್ಮಲ್ಲಿ ಇಪ್ಪತ್ತರ ಹುಡುಗರಲ್ಲೂ ಇದೆ. ಕುರ್ಚಿಯಲ್ಲಿ ಕೂತ ತಕ್ಷಣ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲಿನ ಅಂಚಿನ ನಡುವೆ ಸ್ಕೇಲ್ ಇಟ್ಟು ಅಳೆದು ಬರೆದುಕೊಳ್ಳಿ. ಸಾಮಾನ್ಯ ದೊಡ್ಡವರಲ್ಲಿ 40 ಮಿ.ಮೀ. ಆಸುಪಾಸು ಇರುತ್ತದೆ. 30 ಮೇಲಿದ್ದರೆ ಸೈಜ್ 1 ಸೆನ್ಸರ್ ಹೋಲ್ಡರ್ ಸಮೇತ ಹೋಗುತ್ತದೆ. 20ರಿಂದ 30ರ ನಡುವೆ ಹೋಲ್ಡರ್ ಬಿಟ್ಟು ಫಾಸ್ಫರ್ ಪ್ಲೇಟನ್ನು ಆರ್ಟರಿ ಫೋರ್ಸೆಪ್ಸ್‌ನಿಂದ ಹಿಡಿದು, ಅದರ ಹಿಡಿಯನ್ನು ರೋಗಿಗೆ ಕೊಟ್ಟು, ಮೇಲೆ ಹೇಳಿದ ಕೋನದಲ್ಲಿ ತೆಗೆಯುತ್ತೇನೆ. ಈ ಬಾಯಿಯಲ್ಲಿ ಸೆನ್ಸರ್ ತುರುಕಲು ಹೋಗಬೇಡಿ. ಒಳಪದರ ಹಿಗ್ಗುವುದಿಲ್ಲ, ಹರಿಯುತ್ತದೆ, ಮೊದಲೇ ಖಾರಕ್ಕೆ ಉರಿಯುವ ಬಾಯಿ ಅದು.

20ಕ್ಕಿಂತ ಕಡಿಮೆ ಇದ್ದರೆ ದವಡೆ ಹಲ್ಲಿಗೆ ಓಪಿಜಿಯೇ (ಬಾಯಿಯ ಹೊರಗಿನಿಂದ ಎರಡೂ ದವಡೆಯನ್ನು ಒಂದೇ ಚಿತ್ರದಲ್ಲಿ ತೆಗೆಯುವ ಎಕ್ಸ್‌ರೇ) ಗತಿ. ಮುಂದಿನ ಹಲ್ಲಿಗೆ ಮಾತ್ರ ಒಂದು ಉಪಾಯ ಇದೆ. ಸೈಜ್ 2 ಪ್ಲೇಟನ್ನು ಬಿಸ್ಕೆಟ್ ಕಚ್ಚಿದಂತೆ ಅಡ್ಡಲಾಗಿ ಹಲ್ಲುಗಳ ನಡುವೆ ಮೃದುವಾಗಿ ಹಿಡಿಸಿ, ಟ್ಯೂಬನ್ನು ಮೂಗಿನ ಮೇಲಿನಿಂದ ಸುಮಾರು 65 ಡಿಗ್ರಿ ಕೆಳಮುಖವಾಗಿ ಇಳಿಸಿ. ಪ್ಲೇಟ್ ತೂರುವಷ್ಟು ಸಂದಿ ಸಿಕ್ಕರೆ ನಾಲ್ಕೂ ಬಾಚಿಹಲ್ಲಿನ ಬೇರು ಬರುತ್ತದೆ. ಚಿಕ್ಕ ಮಕ್ಕಳಿಗೂ ಇದೇ ದಾರಿ. ಜೋರಾಗಿ ಕಚ್ಚಿದರೆ ಪ್ಲೇಟಿನ ಮೇಲೆ ಗೀರು ಬಿದ್ದು ಮುಂದಿನ ಎಲ್ಲ ಚಿತ್ರದಲ್ಲೂ ಬಿಳಿ ಗೆರೆಯಾಗಿ ಉಳಿಯುತ್ತದೆ, ಅದಕ್ಕೇ ಈ ಕೆಲಸಕ್ಕೆ ಹಳೆಯ ಪ್ಲೇಟ್ ಒಂದನ್ನು ಬೇರೆ ಇಡಿ. ಎಕ್ಸ್‌ಪೋಷರ್ ಆದ ಪ್ಲೇಟನ್ನು ಬೆಳಕಿಗೆ ಒಡ್ಡದೆ ಕೂಡಲೇ ಸ್ಕ್ಯಾನ್ ಮಾಡಿ, ತಡವಾದರೆ ಚಿತ್ರ ಮಾಸುತ್ತದೆ. ಇನ್ನೊಂದು ಮಾತು: ಇಂಥ ಬಾಯಿಯಲ್ಲಿ ಎರಡು ವಾರ ದಾಟಿದರೂ ಮಾಯದ ಹುಣ್ಣೋ ಕೆಂಪು ಮಚ್ಚೆಯೋ ಕಂಡರೆ ಅದಕ್ಕೆ ಬೇಕಾದದ್ದು ಬಯಾಪ್ಸಿ. ಚಿತ್ರ ಚೆನ್ನಾಗಿದೆ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ.

ಫ್ಲೋರೈಡ್ ಹಲ್ಲಿನ ಕಷ್ಟ ತೆಗೆಯುವುದರಲ್ಲಿಲ್ಲ, ಓದುವುದರಲ್ಲಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಮೀರಬಾರದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳ ನೀರು ಇದನ್ನು ದಾಟುತ್ತದೆ. ಅದನ್ನು ಕುಡಿದು ಬೆಳೆದ ಹಲ್ಲಿನ ಎನಾಮಲ್‌ನಲ್ಲಿ ಕುಳಿ ಬಿದ್ದಿದ್ದರೆ, ಎಕ್ಸ್‌ರೇಯಲ್ಲಿ ಹಲ್ಲಿನ ನಡುವೆ ಸಣ್ಣ ಕಪ್ಪು ಚುಕ್ಕಿಗಳಾಗಿ ಬಂದು ಹುಳುಕಿನಂತೆ ತೋರುತ್ತವೆ. ಚಿತ್ರ ನೋಡಿ ಡ್ರಿಲ್ ಎತ್ತಬೇಡಿ, ಹಲ್ಲು ಒರೆಸಿ ಗಾಳಿ ಬಿಟ್ಟು ಒಣಗಿಸಿ ಕನ್ನಡಿಯಲ್ಲಿ ನೋಡಿ. ಎರಡು ಹಲ್ಲಿನ ಕುತ್ತಿಗೆಯ ಬಳಿ ಕಾಣುವ ತ್ರಿಕೋನದ ಕಪ್ಪು ನೆರಳೂ ಹೀಗೇ ಮೋಸ ಮಾಡುತ್ತದೆ. ಕೋನ ಬದಲಿಸಿದಾಗ ಮಾಯವಾದರೆ ಅದು ಹುಳುಕಲ್ಲ. ಸಾಫ್ಟ್‌ವೇರಿನ ಶಾರ್ಪನ್ ಬಟನ್ ಹಳೆಯ ಬೆಳ್ಳಿ ಫಿಲ್ಲಿಂಗ್ ಸುತ್ತ ಕಪ್ಪು ಅಂಚು ಹುಟ್ಟಿಸುತ್ತದೆ. ಫಿಲ್ಲಿಂಗ್ ಕೆಳಗೆ ಹುಳುಕಿದೆ ಅನ್ನುವ ಮೊದಲು ಮೂಲ ಚಿತ್ರ ತೆರೆಯಿರಿ.

ಎಕ್ಸ್‌ರೇ ಇಲ್ಲದೆ ಹುಳುಕು ತೋರಿಸುತ್ತೇವೆ ಎಂದು ಬರುವ ಲೇಸರ್ ಪೆನ್ನು, ಇನ್‌ಫ್ರಾರೆಡ್ ಸ್ಕ್ಯಾನರುಗಳು ಈ ಹಲ್ಲಿನಲ್ಲಿ ಎಡವುತ್ತವೆ. ಲೇಸರ್ ಪೆನ್ನು ಕಂದು ಕಲೆಗೆಲ್ಲ ದೊಡ್ಡ ಅಂಕಿ ಕೊಡುತ್ತದೆ. ಹಲ್ಲಿನಿಂದ ಮರಳುವ ಬೆಳಕು ನೋಡುವ ಇನ್‌ಫ್ರಾರೆಡ್ ಸ್ಕ್ಯಾನರಿನಲ್ಲಿ ಗಟ್ಟಿ ಎನಾಮಲ್ ಕಪ್ಪಾಗಿ, ಹುಳುಕು ಬೆಳ್ಳಗೆ ಕಾಣಬೇಕು. ಫ್ಲೋರೋಸಿಸ್ ಎನಾಮಲ್ ಹುಳುಕಿಲ್ಲದಿದ್ದರೂ ಬೆಳಕು ಚದುರಿಸಿ ಬೆಳ್ಳಗೇ ತೋರುತ್ತದೆ. ಸೇಲ್ಸ್‌ನವರ ಡೆಮೋ ಹಲ್ಲು ನಮ್ಮೂರಿನದಲ್ಲ.

ಓಪಿಜಿ ನನ್ನಲ್ಲಿಲ್ಲ, ಹೊರಗೆ ಕಳಿಸುತ್ತೇನೆ. ಆದರೂ ಬಂದ ಚಿತ್ರ ನೋಡಿದರೆ ಅಲ್ಲಿ ಏನು ತಪ್ಪಾಗಿದೆ ಎಂದು ತಿಳಿಯುತ್ತದೆ. ಗದ್ದ ಕೆಳಗಿಳಿದಿದ್ದರೆ ಹಲ್ಲಿನ ಸಾಲು ಅತಿಯಾಗಿ ನಕ್ಕಂತೆ ಬಾಗುತ್ತದೆ, ಮೇಲೆತ್ತಿದ್ದರೆ ಚಪ್ಪಟೆಯಾಗುತ್ತದೆ. ಮುಂದಿನ ಹಲ್ಲು ಸಣಕಲಾಗಿದ್ದರೆ ರೋಗಿ ಮುಂದೆ ಬಂದಿದ್ದ, ದಪ್ಪ ಮಸುಕಾಗಿದ್ದರೆ ಹಿಂದೆ ಸರಿದಿದ್ದ. ಮೇಲಿನ ಬೇರುಗಳ ಮೇಲೆ ಕಪ್ಪು ಪಟ್ಟಿ ಬಂದರೆ ನಾಲಿಗೆ ಅಂಗುಳಕ್ಕೆ ಹತ್ತಿರಲಿಲ್ಲ. ಕತ್ತು ಬಾಗಿದ್ದರೆ ನಡುವೆ ಬೆನ್ನುಮೂಳೆಯ ಬಿಳಿ ನೆರಳು. ಬೆಂಡೋಲೆ ತೆಗೆಯದಿದ್ದರೆ ಎದುರು ಬದಿಯಲ್ಲಿ, ಸ್ವಲ್ಪ ಮೇಲೆ, ಅದರ ಭೂತಬಿಂಬ ಕೂರುತ್ತದೆ. ಚೀಟಿಯಲ್ಲೇ "ಓಲೆ, ಮೂಗುತಿ, ಸರ, ಕಟ್ಟಿನ ಹಲ್ಲು ತೆಗೆಸಿ, ನಾಲಿಗೆ ಅಂಗುಳಕ್ಕೆ" ಎಂದು ಬರೆದು ಕಳಿಸುತ್ತೇನೆ. ಥೈರಾಯ್ಡ್ ಕಾಲರ್ ಓಪಿಜಿಗೆ ಹಾಕಿಸಬೇಡಿ, ಕಿರಣಕ್ಕೆ ಅಡ್ಡ ಬಂದು ಕೆಳದವಡೆಯನ್ನು ಮುಚ್ಚುತ್ತದೆ.

ಕೆಳಗಿನ ಬುದ್ಧಿ ಹಲ್ಲಿನ ಓಪಿಜಿಯಲ್ಲಿ ಮೂರು ಗುರುತು ಹುಡುಕಿ: ನರದ ಕಾಲುವೆ ದಾಟುವಲ್ಲಿ ಬೇರು ಕಪ್ಪಾಗಿರುವುದು, ಕಾಲುವೆಯ ಬಿಳಿ ಗೆರೆ ತುಂಡಾಗಿರುವುದು, ಕಾಲುವೆ ದಾರಿ ಬದಲಿಸಿರುವುದು. ಯಾವುದಾದರೂ ಇದ್ದರೆ ಸಿಬಿಸಿಟಿ (ದವಡೆಯ ಮೂರು ಆಯಾಮದ ಸ್ಕ್ಯಾನ್) ಬೇಕು. ಇಂಪ್ಲಾಂಟಿಗೂ (ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಬೇಕು, ಏಕೆಂದರೆ ಓಪಿಜಿ ಚಿತ್ರ ನಿಜವಾದ ಅಳತೆಗಿಂತ 20–30 ಶೇಕಡಾ ದೊಡ್ಡದಿರುತ್ತದೆ, ಮೂಳೆಯ ಅಗಲವನ್ನಂತೂ ಹೇಳುವುದೇ ಇಲ್ಲ. ನರದ ಕಾಲುವೆಯಿಂದ 2 ಮಿ.ಮೀ. ದೂರ ಬಿಡಬೇಕೆಂದರೆ ಅಳತೆ ನಂಬುವಂತಿರಬೇಕು. ಪ್ರತಿ ರೂಟ್ ಕೆನಾಲಿಗೂ ಸಿಬಿಸಿಟಿ ಬರೆಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಡೋಸೂ ಹೆಚ್ಚು, ರೋಗಿಯ ಜೇಬಿಗೂ ಭಾರ.

ಸಿಬಿಸಿಟಿಗೆ ಬಳ್ಳಾರಿ ಅಥವಾ ರಾಯಚೂರಿಗೆ ಬಸ್ ಹತ್ತಿಸುವ ಮೊದಲು ಚೀಟಿ ಸರಿಯಾಗಿರಲಿ. "ಸಿಬಿಸಿಟಿ ಮಾಡಿ" ಎಂದಷ್ಟೇ ಬರೆದರೆ ಪೂರ್ತಿ ದವಡೆಯ ದೊಡ್ಡ ಸ್ಕ್ಯಾನ್ ಮಾಡಿ ಕಳಿಸುತ್ತಾರೆ, ಬೇಕಾದ ಹಲ್ಲು ಅದರಲ್ಲಿ ಸ್ಪಷ್ಟವಾಗಿರುವುದಿಲ್ಲ. ಹಲ್ಲಿನ ನಂಬರ್, ನಮ್ಮ ಪ್ರಶ್ನೆ ("16ರಲ್ಲಿ ನಾಲ್ಕನೇ ನಾಳ ಇದೆಯೇ"; 16 ಅಂದರೆ ಮೇಲಿನ ಬಲಬದಿಯ ಮೊದಲ ದೊಡ್ಡ ದವಡೆ ಹಲ್ಲು), 5×5 ಸೆಂ.ಮೀ. ಕ್ಷೇತ್ರ, ವಾಕ್ಸೆಲ್ (ಸ್ಕ್ಯಾನಿನ ಅತಿ ಚಿಕ್ಕ ಘನ ಚುಕ್ಕಿ) 0.1 ಮಿ.ಮೀ. ಅಥವಾ ಕಡಿಮೆ ಎಂದು ಬರೆಯಿರಿ. ಇಂಪ್ಲಾಂಟಿಗೆ 0.2 ಸಾಕು. ಮೇಲಿನ ಕೆಳಗಿನ ಹಲ್ಲು ತಾಗದಂತೆ ಹತ್ತಿ ರೋಲ್ ಕಚ್ಚಿಸಿ ಎಂದೂ ಸೇರಿಸಿ. ಪಕ್ಕದಲ್ಲಿ ಲೋಹದ ಕ್ಯಾಪ್ ಇದ್ದರೆ ಅದರಿಂದ ಗೆರೆ ಗೆರೆಯಾಗಿ ಕಪ್ಪು ಬಿಳುಪು ಹರಡುತ್ತದೆ, ಆ ಗೆರೆಯನ್ನೇ ಬೇರಿನ ಬಿರುಕು ಎಂದು ಓದಿ ಒಳ್ಳೆಯ ಹಲ್ಲು ಕಿತ್ತವರಿದ್ದಾರೆ. ಹೇಗೂ ಬಿಚ್ಚಬೇಕಾದ ಕ್ಯಾಪ್ ಆದರೆ ಬಿಚ್ಚಿಯೇ ಕಳಿಸಿ. ವರದಿಯ ಕಾಗದ ಸಾಲದು, ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರ) ಪೆನ್‌ಡ್ರೈವ್‌ನಲ್ಲಿ ಕೇಳಿ ತರಿಸಿ. ಅದರಲ್ಲಿ ಮೂಳೆಯ ಸಾಂದ್ರತೆ ಎಂದು ತೋರಿಸುವ ಅಂಕಿಯನ್ನು ಆಸ್ಪತ್ರೆಯ ಸಿಟಿ ಅಂಕಿಯಂತೆ ನಂಬಬೇಡಿ.

ಸೆನ್ಸರ್ ಹಾಳಾಗುವುದು ಹೆಚ್ಚಾಗಿ ವೈರಿನಿಂದ. ವೈರ್ ಸೆನ್ಸರಿಗೆ ಸೇರುವ ಜಾಗದಲ್ಲಿ ಮಡಚಿ ಮಡಚಿ ಒಳತಂತಿ ತುಂಡಾಗುತ್ತದೆ. ಮೊದಲ ಲಕ್ಷಣ, ವೈರ್ ಅಲುಗಿಸಿದಾಗ ಚಿತ್ರದಲ್ಲಿ ಅಡ್ಡಗೆರೆ. ಸೆನ್ಸರನ್ನು ವೈರ್ ಹಿಡಿದು ಬಾಯಿಂದ ಎಳೆಯಬೇಡಿ, ಕುರ್ಚಿಯ ಚಕ್ರದ ದಾರಿಯಲ್ಲಿ ಬಿಡಬೇಡಿ, ವೈರನ್ನು ಬಿಗಿಯಾಗಿ ಸುತ್ತಬೇಡಿ. ಪ್ರತಿ ರೋಗಿಗೂ ಹೊಸ ಪ್ಲಾಸ್ಟಿಕ್ ಕವರ್, ಆಮೇಲೆ ಕಂಪನಿ ಹೇಳಿದ ದ್ರಾವಣದಿಂದ ಒರೆಸುವುದು. ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಸೋಂಕು ಕಳೆಯುವ ಯಂತ್ರ) ಹೋಗುವುದು ಹೋಲ್ಡರ್ ಮಾತ್ರ. "ಸೆನ್ಸರ್ ಸಿಗುತ್ತಿಲ್ಲ" ಎಂದು ಕಂಪ್ಯೂಟರ್ ಹೇಳಿದರೆ ಗಾಬರಿ ಬೇಡ. ಯುಎಸ್‌ಬಿಯನ್ನು ಮುಂದಿನ ಪೋರ್ಟಿನಿಂದ ತೆಗೆದು ಹಿಂದಿನ ಪೋರ್ಟಿಗೆ ನೇರ ಹಾಕಿ, ಉದ್ದದ ಎಕ್ಸ್‌ಟೆನ್ಷನ್ ತೆಗೆಯಿರಿ, ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸಸ್ಪೆಂಡ್ ಆಫ್ ಮಾಡಿ. ಅರ್ಧ ದೂರುಗಳು ಇಷ್ಟರಲ್ಲೇ ಮುಗಿಯುತ್ತವೆ.

ಸೆನ್ಸರಿನ ಸೀರಿಯಲ್ ನಂಬರಿಗೆ ಹೊಂದಿದ ಕ್ಯಾಲಿಬ್ರೇಷನ್ ಫೈಲ್ ಇನ್‌ಸ್ಟಾಲ್ ಮಾಡುವ ದಿನವೇ ಸಿಗುತ್ತದೆ. ಅದನ್ನು, ಡ್ರೈವರನ್ನು, ರೋಗಿಗಳ ಚಿತ್ರಗಳ ಡೇಟಾಬೇಸನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿಡಿ, ಡೇಟಾಬೇಸನ್ನು ವಾರಕ್ಕೊಮ್ಮೆ ಹೊಸದಾಗಿ ಕಾಪಿ ಮಾಡಿ. ಆ ಡಿಸ್ಕನ್ನು ಕಂಪ್ಯೂಟರಿಗೆ ಸದಾ ಚುಚ್ಚಿಡಬೇಡಿ. ವೈರಸ್ ಬಂದರೂ, ಸಿಡಿಲಿಗೆ ಕಂಪ್ಯೂಟರ್ ಸುಟ್ಟರೂ ಎರಡೂ ಒಟ್ಟಿಗೇ ಹೋಗುತ್ತವೆ.